ಕಾನ್ಪುರದಲ್ಲಿ ಗಣಕವಿದ್ಯಾಬೋಧನೆಯ ಆರಂಭ

ಭರತಖಂಡದಲ್ಲಿ ಗಣಕವಿದ್ಯೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯಂತ್ರಗಳ ಚರಿತ್ರೆಯನ್ನೇ ಬರೆದಿರುವರು. ಯಾವ ಯಂತ್ರವು ಯಾವ ಇಸವಿಯಲ್ಲಿ ಯಾವ ನಗರಕ್ಕೆ ಬಂದಿತೆಂಬುದೇ ಅಂತಹ ಲೇಖನಗಳಲ್ಲಿ ಪ್ರಧಾನವಿಷಯವು. ಆ ವಿದ್ಯೆಯನ್ನು ಯಾರು, ಯಾರಿಗೆ, ಯಾವ ಕ್ರಮದಿಂದ ಕಲಿಸಿದರೆಂಬ ಪ್ರಶ್ನೆಯು ಹಿಂದುಳಿದಿರುವುದು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ 1950ರ ದಶಕದ ನಡುವೆಯೇ ಗಣಕಯಂತ್ರವಿದ್ದಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ನಿರ್ಮಿಸಿದ ಯಂತ್ರವು 1960ರಲ್ಲಿ ಕಾರ್ಯಕ್ಕೆ ತೊಡಗಿತು. ಆದರೆ ಈ ಎರಡೆಡೆಗಳಲ್ಲಿಯೂ ಅದು ಮುಖ್ಯವಾಗಿ ಸಂಶೋಧಕರ ಸಾಧನವಾಗಿದ್ದಿತು. ಸಾಮಾನ್ಯ ವಿದ್ಯಾರ್ಥಿಯು ಯಂತ್ರದ ಬಳಿಗೆ ಹೋಗಿ ಕಲಿಯುವ ಸಂಪ್ರದಾಯವು ಬೇರೂರಿದುದು ಕಾನ್ಪುರದಲ್ಲಿ.

ಕಾನ್ಪುರದ ಭಾರತೀಯ ತಂತ್ರವಿಜ್ಞಾನ ಸಂಸ್ಥೆಯು 1959ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ನಿರ್ದೇಶಕರು ಪಿ. ಕೆ. ಕೇಳ್ಕರ್ ಅವರು. 1962ರಿಂದ ಹತ್ತು ವರ್ಷಗಳ ಕಾಲ ಅಮೆರಿಕೆಯ ಒಂಬತ್ತು ವಿದ್ಯಾಸಂಸ್ಥೆಗಳು ಕೂಡಿ ಇದಕ್ಕೆ ನೆರವಿತ್ತವು. ಆ ಒಪ್ಪಂದದ ಫಲವಾಗಿ 1963ರಲ್ಲಿ ಐಬಿಎಂ 1620 ಎಂಬ ಯಂತ್ರವು ಕಾನ್ಪುರವನ್ನು ಸೇರಿತು. ಅದನ್ನು ನೆಲೆಗೊಳಿಸಲು ಬಂದ ವಿದ್ವಾಂಸರಲ್ಲಿ ಪ್ರಮುಖರು ಹ್ಯಾರಿ ಹಸ್ಕಿ ಅವರು. ಇವರು ಎನಿಯಾಕ್ ಯಂತ್ರದ ಕಾರ್ಯದಲ್ಲಿ ಪಾಲ್ಗೊಂಡು, 1947ರಲ್ಲಿ ಇಂಗ್ಲೆಂಡಿನಲ್ಲಿ ಟ್ಯೂರಿಂಗ್ ಅವರೊಡನೆಯೂ ಕೆಲಸ ಮಾಡಿದವರು. ಅದೇ 1963ರಲ್ಲಿ ವಿ. ರಾಜಾರಾಮನ್ ಅವರು ಕಾನ್ಪುರದ ಅಧ್ಯಾಪಕವರ್ಗವನ್ನು ಸೇರಿದರು. ತಮಿಳುನಾಡಿನ ಈರೋಡಿನಲ್ಲಿ 1933ರಲ್ಲಿ ಜನಿಸಿದ ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವ್ಯಾಸಂಗಮಾಡಿ, ಅನಂತರ ಅಮೆರಿಕೆಯಲ್ಲಿ ಉನ್ನತಪದವಿಗಳನ್ನು ಪಡೆದಿದ್ದರು.

ಆ 1620 ಯಂತ್ರದ ಸ್ವರೂಪವನ್ನು ಇಲ್ಲಿ ಕೊಂಚ ವಿಸ್ತರಿಸಿ ಹೇಳುವುದು ಉಚಿತವು; ಬೋಧನೆಗೆ ಅದಕ್ಕಿಂತ ಯೋಗ್ಯವಾದ ಯಂತ್ರವು ಅಂದು ದೊರೆಯುವುದು ಕಷ್ಟವಾಗಿದ್ದಿತು. ಅದು ಎಣಿಸುತ್ತಿದ್ದುದು ದಶಮಾನದ ಅಂಕಿಗಳಲ್ಲಿ. ಅದರ ಪ್ರಥಮ ಮಾದರಿಯಲ್ಲಿ ಸಂಕಲನಕ್ಕೆಂದು ಪ್ರತ್ಯೇಕ ಅಂಗವೇ ಇರಲಿಲ್ಲ! ಕೂಡುವ ಕೋಷ್ಟಕವನ್ನು ನೂರು ಅಂಕಿಗಳ ರೂಪದಲ್ಲಿ ಸ್ಮೃತಿಕೋಶದ ನಿಯತಸ್ಥಾನದಲ್ಲಿ ತುಂಬಬೇಕು. ಗುಣಾಕಾರಕ್ಕೆ ಇನ್ನೂರು ಅಂಕಿಗಳು. ಎರಡು ಅಂಕಿಗಳನ್ನು ಕೂಡೆಂದರೆ ಯಂತ್ರವು ಆ ಕೋಷ್ಟಕವನ್ನು ನೋಡಿ ಉತ್ತರಹೇಳುವುದು. ಗಾವಟಿ ಮಠದ ಹುಡುಗನು ಬಾಯಿಪಾಠ ಮಾಡಿದ ಮಗ್ಗಿಯಿಂದ ಲೆಕ್ಕ ಬಿಡಿಸುತ್ತಿದ್ದ ರೀತಿಗೂ ಇದಕ್ಕೂ ಬಹಳ ಭೇದವಿಲ್ಲ. 'ಇದಕ್ಕೆ ಕೂಡಲು ಬಾರದು, ಯತ್ನವನ್ನೂ ಮಾಡದು' ಎಂದು ಅಮೆರಿಕದವರು ಇದನ್ನು ಹಾಸ್ಯಮಾಡುತ್ತಿದ್ದರು. ವಿದ್ಯಾರ್ಥಿಯ ಪ್ರೋಗ್ರಾಮು ತಪ್ಪಿ ಆ ಕೋಷ್ಟಕದ ಮೇಲೆಯೇ ಬೇರೆ ಅಂಕಿಗಳನ್ನು ಬರೆದುಬಿಟ್ಟರೆ, ಯಂತ್ರವು ಮರೆತ ಮಗ್ಗಿಯಂತೆ ತಪ್ಪು ಲೆಕ್ಕವನ್ನು ನಿಸ್ಸಂಕೋಚವಾಗಿ ಒಪ್ಪಿಸುವುದು. ಯಂತ್ರಕ್ಕೆ ಸ್ವಬುದ್ಧಿಯಿಲ್ಲವೆಂಬುದನ್ನು ಗುರುವು ನೂರು ಸಲ ಹೇಳಬೇಕಾದ ಶ್ರಮವು ಇದರಿಂದ ತಪ್ಪಿತು.

ಆಜ್ಞೆಗಳನ್ನು ಬರೆಯಲು ಬಳಸುತ್ತಿದ್ದುದು ಫೋರ್ಟ್ರಾನ್ ಎಂಬ ಕೃತಕಭಾಷೆ. ಜಾನ್ ಬ್ಯಾಕಸ್ ಅವರ ಮುಂದಾಳತನದಲ್ಲಿ ರಚಿತವಾಗಿ 1957ರಲ್ಲಿ ಹೊರಬಂದ ಇದು ಗಣಿತದ ಸಮೀಕರಣಗಳನ್ನು ಹೋಲುವ ವಾಕ್ಯಗಳಿಂದ ಕೂಡಿದ್ದಿತು. ವಾಕ್ಯವೊಂದಕ್ಕೆ ಎಂಬತ್ತು ಕಲಮುಗಳ ಒಂದು ಪಂಚ್ ಕಾರ್ಡು. ಅದರಲ್ಲಿ ಏಳನೆಯ ಕಲಮಿನಿಂದ ಎಪ್ಪತ್ತೆರಡನೆಯದರವರೆಗೆ ಮಾತ್ರ ವಾಕ್ಯಕ್ಕೆ ಸ್ಥಳವು. ಐ ಮೊದಲುಗೊಂಡು ಎನ್ ಪರ್ಯಂತದ ಆರು ರೋಮನ್ ಅಕ್ಷರಗಳಿಂದ ಆರಂಭವಾಗುವ ಹೆಸರುಗಳೆಲ್ಲ ಪೂರ್ಣಾಂಕವಾಚಕಗಳೆಂಬುದು ಅದರ ಸಂಜ್ಞಾನಿಯಮ. ಈ ನಿಯಮವನ್ನು ಮರೆತು ಐದನ್ನು ಎರಡರಿಂದ ಭಾಗಿಸಿದವನಿಗೆ ಎರಡೂವರೆಗೆ ಬದಲಾಗಿ ಎರಡೇ ಉತ್ತರವಾಗಿ ಬರುವುದು. ವ್ಯಾಕರಣದಲ್ಲಿ ಸಂಜ್ಞೆಯನ್ನರಿಯದೆ ಸೂತ್ರಕ್ಕೆ ಅರ್ಥಹೇಳಹೊರಟವನ ಪಾಡೂ ಇದೇ. ಬ್ಯಾಕಸ್ ಅವರು 1959ರಲ್ಲಿ ಕೃತಕಭಾಷೆಗಳ ವಾಕ್ಯರಚನೆಯನ್ನು ನಿರೂಪಿಸಲು ಬಳಸಿದ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್ಮನ್ ಎಂಬ ವಿದ್ವಾಂಸರು ಅಮೆರಿಕೆಯ ಪತ್ರಿಕೆಯೊಂದರಲ್ಲಿ ಸೂಚಿಸಿದ್ದುಂಟು. ಈ ಸಾಮ್ಯವು ಆದರಣೀಯವೇ. ಆದರೆ ಇದರಿಂದ ಸಂಸ್ಕೃತವೇ ಯಂತ್ರಕ್ಕೆ ತಕ್ಕ ಭಾಷೆಯೆಂದು ಸಾಧಿಸಹೊರಡುವುದು ಪಾಣಿನಿಗೂ ನ್ಯಾಯವಲ್ಲ, ಬ್ಯಾಕಸ್ ಅವರಿಗೂ ನ್ಯಾಯವಲ್ಲ.

ಯಂತ್ರವು ಒಂದೇ, ವಿದ್ಯಾರ್ಥಿಗಳು ಅನೇಕರು. ಇಂತಹ ಸಂದರ್ಭದಲ್ಲಿ ಬೆಲೆಬಾಳುವ ಯಂತ್ರವನ್ನು ಕೆಲವರು ಪರಿಣತರ ವಶದಲ್ಲಿಟ್ಟು, ಉಳಿದವರನ್ನು ಬಾಗಿಲಿನಿಂದಾಚೆ ನಿಲ್ಲಿಸುವುದು ಸುಲಭವಾದ ಮಾರ್ಗವು. ಕಾನ್ಪುರದವರು ಹಾಗೆ ಮಾಡಲಿಲ್ಲ. ಪ್ರೋಗ್ರಾಮು ಬರೆಯುವುದನ್ನು ಇಂಜಿನಿಯರಿಂಗ್ ಪದವಿಯ ವಿದ್ಯಾರ್ಥಿಗಳ ಪಾಠಕ್ರಮದಲ್ಲಿಯೇ ಸೇರಿಸಿದರು. ಹೊರಗಿನ ಸಂಸ್ಥೆಗಳ ಅಧ್ಯಾಪಕರಿಗೂ ವಿಜ್ಞಾನಿಗಳಿಗೂ ಅಲ್ಪಕಾಲದ ಶಿಬಿರಗಳನ್ನು ನಡೆಸಿದರು. ಕಲಿತವನು ತನ್ನ ಊರಿಗೆ ಮರಳಿ ಕಲಿಸುವವನಾದನು. ವಿದ್ಯಾಪ್ರಸಾರದ ದೃಷ್ಟಿಯಿಂದ ಯಂತ್ರದ ಆಗಮನಕ್ಕಿಂತ ಈ ನಿರ್ಣಯವೇ ಮುಖ್ಯವಾದುದು. ಅದೇ ದಶಕದಲ್ಲಿ ಜೀವವಿಮಾ ನಿಗಮದ ಗಣಕಯಂತ್ರಗಳನ್ನು ನೌಕರರು ತೀವ್ರವಾಗಿ ವಿರೋಧಿಸಿದರು. ಉದ್ಯೋಗವಿಲ್ಲದವರ ದೇಶಕ್ಕೆ ಕೆಲಸ ಕಸಿಯುವ ಯಂತ್ರವೇಕೆಂಬುದು ಅವರ ವಾದ. ಆ ಆಕ್ಷೇಪವು ನಿರಾಧಾರವಾದುದೆಂದು ತಳ್ಳಿಬಿಡುವಂತಿರಲಿಲ್ಲ. ಅಂತಹ ಕಾಲದಲ್ಲಿಯೂ ಈ ಪಾಠವು ನಿಲ್ಲದೆ ಸಾಗಿತು.

1965ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ವಿಭಾಗದ ಆಶ್ರಯದಲ್ಲಿ ಗಣಕವಿಜ್ಞಾನವನ್ನು ವಿಶೇಷವಿಷಯವಾಗಿ ಉಳ್ಳ ಸ್ನಾತಕೋತ್ತರ ವ್ಯಾಸಂಗವು ಆರಂಭವಾಯಿತು. ಕಾಲದೃಷ್ಟಿಯಿಂದ ಇದು ತಡವಾದುದೇನಲ್ಲ: ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಡಿಪ್ಲೊಮಾ 1953ರದು, ಅಮೆರಿಕೆಯ ಪರ್ಡ್ಯೂ ವಿಶ್ವವಿದ್ಯಾನಿಲಯದ ಪ್ರತ್ಯೇಕ ವಿಭಾಗವು 1962ರದು. 1966ರಲ್ಲಿ ಇನ್ನೂ ದೊಡ್ಡದಾದ ಐಬಿಎಂ 7044 ಬಂದಿತು. ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1967ರಲ್ಲಿ ಪದವೀಧರರಾದ ಶಿಡ್ಲಘಟ್ಟದ ಎನ್. ಆರ್. ನಾರಾಯಣಮೂರ್ತಿಯವರು 1969ರಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದುದು ಇಲ್ಲಿಯೇ.

ಪಾಠಪುಸ್ತಕದ ಕೊರತೆಯು ಇನ್ನೊಂದು ತೊಡಕಾಗಿದ್ದಿತು. ವಿದೇಶೀ ಗ್ರಂಥಗಳ ಬೆಲೆಯು ಇಲ್ಲಿಯ ವಿದ್ಯಾರ್ಥಿಗೆ ಎಟುಕದು. ರಾಜಾರಾಮನ್ ಅವರು ತಮ್ಮ ಪಾಠದ ಟಿಪ್ಪಣಿಗಳನ್ನು ಗ್ರಂಥರೂಪಕ್ಕೆ ತಂದು ಅಲ್ಪಬೆಲೆಗೆ ದೊರಕುವಂತೆ ಮಾಡಿದರು. ಮುಂದೆ ಫೋರ್ಟ್ರಾನ್ 77, ಪಾಸ್ಕಲ್, ಸಿ ಮೊದಲಾದ ಭಾಷೆಗಳಿಗೂ ಇಂತಹ ಪುಸ್ತಕಗಳನ್ನು ಬರೆದರು. ಯಂತ್ರವನ್ನೇ ಕಾಣದ ಊರುಗಳ ಕಾಲೇಜುಗಳಲ್ಲಿಯೂ ಆ ಪುಸ್ತಕಗಳಿಂದ ಪಾಠ ನಡೆಯಿತು. ಹೊಲವನ್ನು ನೋಡದೆ ಕೃಷಿಶಾಸ್ತ್ರವನ್ನೋದಿದಂತೆ ಎಂದು ಇದನ್ನು ಹಳಿಯಬಹುದು. ಆದರೆ ಪ್ರಯೋಗವು ದುರ್ಲಭವಾದಲ್ಲಿ ಕಾಗದದ ಮೇಲೆ ಪ್ರತಿಯೊಂದು ಆಜ್ಞೆಯ ಪರಿಣಾಮವನ್ನು ಕೈಯಿಂದಲೇ ಅನುಸರಿಸಿ ನೋಡುವ ಅಭ್ಯಾಸವು ಬಲಿಯುವುದೂ ನಿಜವೇ.

ಕಾನ್ಪುರದಲ್ಲಿ ಗಣಕವಿಜ್ಞಾನದ ಪ್ರಥಮಪದವಿಯ ವ್ಯಾಸಂಗವು ಪ್ರಾರಂಭವಾದುದು 1978ರಲ್ಲಿ. 1982ರಲ್ಲಿ ರಾಜಾರಾಮನ್ ಅವರು ಬೆಂಗಳೂರಿಗೆ, ತಾವು ಓದಿದ ವಿಜ್ಞಾನ ಮಂದಿರಕ್ಕೆ ಮರಳಿದರು. ಅವರ ಅಧ್ಯಕ್ಷತೆಯ ಸಮಿತಿಯು ಇಂಜಿನಿಯರಿಂಗ್ ಓದದ ಪದವೀಧರರಿಗೂ ಈ ವಿದ್ಯೆಯು ಲಭಿಸಬೇಕೆಂದು ಸೂಚಿಸಿದುದರಿಂದ ಎಂಸಿಎ ಎಂಬ ಮೂರು ವರ್ಷಗಳ ವ್ಯಾಸಂಗವು 1980ರ ದಶಕದಲ್ಲಿ ರೂಪುಗೊಂಡಿತು. ಕರ್ನಾಟಕದ ಅನೇಕ ಕಾಲೇಜುಗಳಲ್ಲಿ ವಿಜ್ಞಾನ, ವಾಣಿಜ್ಯಗಳನ್ನೋದಿದ ತರುಣರು ಗಣಕವಿದ್ಯೆಗೆ ಪ್ರವೇಶಿಸಿದುದು ಬಹುಮಟ್ಟಿಗೆ ಈ ಬಾಗಿಲಿನಿಂದಲೇ. 2020ರಲ್ಲಿ ಅದರ ಅವಧಿಯನ್ನು ಎರಡು ವರ್ಷಗಳಿಗೆ ಇಳಿಸಲಾಯಿತು.