ಆ ದೋಣಿಯಲ್ಲಿ ಇದ್ದವರು ಯಾರು?

2000ರ ಅಕ್ಟೋಬರ್ 12. ಯೆಮೆನ್‌ನ ಏಡನ್ ಬಂದರಿನಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದ ಅಮೆರಿಕದ ಯುದ್ಧನೌಕೆ ‘ಕೋಲ್’ ಪಕ್ಕಕ್ಕೆ ಸಣ್ಣ ದೋಣಿಯೊಂದು ಬಂದು ಸ್ಫೋಟಿಸಿತು. 17 ನಾವಿಕರು ಸತ್ತರು.

ಆಮೇಲೆ ನೌಕಾಪಡೆಗಳಿಗೆ ಪ್ರತಿ ಸಣ್ಣ ದೋಣಿಯ ಮೇಲೂ ಅನುಮಾನ. ದೋಣಿ ಹತ್ತಿರ ಬಂದರೆ ಮೊದಲು ರೇಡಿಯೋ, ಸೈರನ್, ಲೈಟಿನ ಎಚ್ಚರಿಕೆ. ನಂತರ ನೀರಿಗೆ ಗುಂಡು. ಕೊನೆಗೆ ದೋಣಿಗೇ ಗುಂಡು. ಯೋಚಿಸಲು ಸಿಗುವುದು ಸ್ವಲ್ಪವೇ ಹೊತ್ತು.

2012ರ ಜುಲೈ 16ರಂದು ದುಬೈ ಬಳಿ ಅಮೆರಿಕ ನೌಕಾಪಡೆಯ ಇಂಧನ ಹಡಗು ‘ರಪ್ಪಹಾನಕ್’ ಹೀಗೇ ಗುಂಡು ಹಾರಿಸಿತು. ದೋಣಿಯಲ್ಲಿದ್ದದ್ದು ಮೀನುಗಾರರು. ತಮಿಳುನಾಡಿನಿಂದ ದುಡಿಯಲು ಹೋಗಿದ್ದ ಒಬ್ಬರು ಸತ್ತರು, ಮೂವರು ಗಾಯಗೊಂಡರು. ಎಚ್ಚರಿಸಿದ್ದೆವು ಎಂದಿತು ಅಮೆರಿಕ. ಎಚ್ಚರಿಕೆಯೇ ಬರಲಿಲ್ಲ ಎಂದರು ಬದುಕುಳಿದವರು.

ನಮ್ಮ ಉತ್ತರ ಕನ್ನಡದವರೂ ಅದೇ ಕೊಲ್ಲಿಯಲ್ಲಿ ಮೀನು ಹಿಡಿದಿದ್ದಾರೆ. ಅದಕ್ಕೇ ‘ಶಂಕಿತ ದೋಣಿ’ ಎಂಬ ಸುದ್ದಿ ಬಂದಾಗಲೆಲ್ಲ ನಾವು ಮೊದಲು ಕೇಳಬೇಕಾದ್ದು: ಅದರಲ್ಲಿ ಇದ್ದವರು ಯಾರು?