ಕೆರೆಯೇ ಅದರ ರೇಡಿಯೇಟರ್: ಔಟ್‌ಬೋರ್ಡ್ ಮೋಟಾರಿನ ಕಥೆ

ಈ ಸಲದ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರನ್ನು ನೀರಿನಿಂದ ಹೊರಗೆ ಓಡಿಸಿದರೆ ಏನಾಗುತ್ತೆ? ನಾನು ಚೆನ್ನೈಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ದೋಣಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಇದರ ಇತಿಹಾಸ ಹುಡುಕುವ ಹಾಗೆ ಮಾಡಿದ್ದು ನನ್ನದೇ ಒಂದು ತಪ್ಪು. ಅದನ್ನೇ ಮೊದಲು ಹೇಳಿಬಿಡ್ತೀನಿ.

2015ರ ಡಿಸೆಂಬರ್ ಪ್ರವಾಹವನ್ನು ಚೆನ್ನೈನಲ್ಲಿ ಇದ್ದವರು ಯಾರೂ ಮರೆತಿಲ್ಲ. ನಮ್ಮ ಬೀದಿಯಲ್ಲಿ ಎದೆಮಟ್ಟ ನೀರು. ಅದಾದ ಮೇಲೆ ನಮ್ಮ ಅಪಾರ್ಟ್‌ಮೆಂಟಿನವರು ಚಂದಾ ಎತ್ತಿ ಗಾಳಿ ತುಂಬುವ ಒಂದು ರಬ್ಬರ್ ದೋಣಿ, ಒಂದು ಸೆಕೆಂಡ್ ಹ್ಯಾಂಡ್ ಮೋಟಾರ್ ತಗೊಂಡರು. ಎಂಟೆಕ್ ಓದಿದವನು ಅಂತ ಉಸ್ತುವಾರಿ ನನ್ನ ತಲೆಗೆ ಬಂತು. ಪ್ರತಿ ಅಕ್ಟೋಬರ್, ಮಳೆ ಹಿಡಿಯುವ ಮುಂಚೆ, ಪಾರ್ಕಿಂಗ್ ಜಾಗದಲ್ಲಿ ಮೋಟಾರನ್ನು ಮರದ ಸ್ಟ್ಯಾಂಡಿಗೆ ಬಿಗಿದು, ಹಗ್ಗ ಎಳೆದು ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಚೆನ್ನಾಗಿ ರೇಸ್ ಕೊಟ್ಟು ನಿಲ್ಲಿಸುತ್ತಿದ್ದೆ. ಮಕ್ಕಳೆಲ್ಲ ಸುತ್ತ ನಿಂತು ಚಪ್ಪಾಳೆ. ಎಕ್ಸೆಲ್ ಶೀಟಿನಲ್ಲಿ ನಾನು ಬರೆಯುತ್ತಿದ್ದದ್ದು ‘ಟೆಸ್ಟ್ ಪಾಸ್’.

2023ರ ಡಿಸೆಂಬರ್ 4. ಮಿಚಾಂಗ್ ಚಂಡಮಾರುತದ ಮಳೆ. ಕೆಳಮನೆಯ ಮಾಮಿಗೆ ಮಾರನೇ ದಿನ ಡಯಾಲಿಸಿಸ್ ಆಗಲೇಬೇಕಿತ್ತು. ಬೆಳಿಗ್ಗೆ ದೋಣಿ ಇಳಿಸಿದೆವು. ಮೋಟಾರ್ ಮೊದಲ ಎಳೆತಕ್ಕೇ ಸ್ಟಾರ್ಟ್! ಎರಡು ಬೀದಿ ದಾಟುವುದರೊಳಗೆ ಸುಟ್ಟ ವಾಸನೆ, ಬಿಳಿ ಹೊಗೆ, ಆಮೇಲೆ ಒಂದು ಕರಕರ ಸದ್ದು. ಅಲ್ಲಿಗೆ ನಿಂತುಹೋಯಿತು. ಹಗ್ಗ ಎಳೆದರೆ ಅಲ್ಲಾಡಲೂ ಇಲ್ಲ. ಹಲಗೆ ತುಂಡುಗಳನ್ನೇ ಹುಟ್ಟು ಮಾಡಿಕೊಂಡು ನಾವು ಮುಖ್ಯರಸ್ತೆ ಸೇರುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಮಾಮಿ ಉಳಿದರು. ಆದರೆ ಆ ಮೂರು ಗಂಟೆ ಅವರು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ನೀರು ಇಳಿದ ಮೇಲೆ ಮೋಟಾರನ್ನು ಕಾಸಿಮೇಡಿನ ಮೀನುಗಾರಿಕೆ ಬಂದರಿನ ಹತ್ತಿರ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಕೆಳಭಾಗ ಬಿಚ್ಚಿ, ಕಪ್ಪು ರಬ್ಬರಿನ ಚೂರುಗಳನ್ನು ನನ್ನ ಅಂಗೈಗೆ ಸುರಿದರು. “ತಣ್ಣಿ ಇಲ್ಲಾಮ ಓಡವಿಟ್ಟೀಂಗಳಾ ಸಾರ್?” ನೀರಿಲ್ಲದೆ ಓಡಿಸಿದ್ರಾ ಅಂತ. ಹೌದು ಸಾರ್, ವರ್ಷಕ್ಕೊಂದು ಸಲ, ಟೆಸ್ಟ್ ಮಾಡೋಕೆ ಅಂದೆ. ಅವರು ನಗಲಿಲ್ಲ, ಪಾಪ.

ಅವತ್ತು ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ: ನೀರಿಲ್ಲದೆ ಎರಡು ನಿಮಿಷ ಬದುಕದ ಎಂಜಿನ್ನನ್ನು ಯಾಕೆ ಹೀಗೆ ಮಾಡಿದರು? ಉತ್ತರ ಸಿಗಬೇಕಾದರೆ ನೂರಕ್ಕೂ ಹೆಚ್ಚು ವರ್ಷ ಹಿಂದೆ, ಅಮೆರಿಕದ ಸರೋವರಗಳ ಕಡೆಗೆ ಹೋಗಬೇಕು.

1905ರಲ್ಲಿ ಕ್ಯಾಮೆರಾನ್ ವಾಟರ್‌ಮನ್ ಎಂಬ, ಯೇಲ್‌ನಲ್ಲಿ ಓದಿದ್ದ ಹುಡುಗ ಮೋಟಾರ್ ಸೈಕಲ್ಲಿನ ಎಂಜಿನ್ ಒಂದನ್ನು ದೋಣಿಯ ಹಿಂದೆ ಕಟ್ಟಿ ಡೆಟ್ರಾಯಿಟ್ ನದಿಯಲ್ಲಿ ಓಡಿಸಿ ನೋಡಿದ. ‘ಔಟ್‌ಬೋರ್ಡ್ ಮೋಟಾರ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಅವನಿಂದಲೇ ಅನ್ನುತ್ತಾರೆ. ಆದರೆ ಅದನ್ನು ಮನೆಮಾತು ಮಾಡಿದವನು ಓಲೆ ಎವಿನ್‌ರೂಡ್. 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಚಿಕ್ಕವನಿದ್ದಾಗಲೇ ವಿಸ್ಕಾನ್ಸಿನ್‌ಗೆ ಬಂದವನು. ಒಂದು ಬೇಸಿಗೆಯಲ್ಲಿ ಗೆಳತಿ ಬೆಸ್‌ಗೆ ಐಸ್‌ಕ್ರೀಮ್ ತರಲು ಸರೋವರ ದಾಟಿ ಹುಟ್ಟು ಹಾಕಿಕೊಂಡು ಹೋದ, ವಾಪಸ್ ಬರುವಷ್ಟರಲ್ಲಿ ಅದು ಕರಗಿಹೋಗಿತ್ತು ಎಂಬ ಕಥೆ ತುಂಬಾ ಪ್ರಸಿದ್ಧ. ಅವನು ಮಾಡಿದ ಮೊದಲ ಮೋಟಾರ್ ನೋಡಿ, ಇದೇನು ಕಾಫಿಬೀಜ ಪುಡಿ ಮಾಡೋ ಯಂತ್ರದ ಹಾಗಿದೆ ಅಂದಳಂತೆ ಬೆಸ್. ಅವನ ಹೆಂಡತಿಯಾದ ಅವಳೇ ಕಂಪನಿಯ ಲೆಕ್ಕಪತ್ರ, ಜಾಹೀರಾತು ಎಲ್ಲ ನೋಡಿಕೊಂಡಳು. ಹುಟ್ಟುಗಳನ್ನು ಬಿಸಾಡಿ ಅನ್ನೋ ಅರ್ಥದ ಅವಳ ಜಾಹೀರಾತಿನಿಂದ ಆರ್ಡರುಗಳು ಬಂದು ಬಿದ್ದವು.

1909ರಲ್ಲಿ ಮಾರುಕಟ್ಟೆಗೆ ಬಂದ ಆ ಮೋಟಾರಿನ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೋ. ಈ ತೂಕದಲ್ಲೇ ನಮ್ಮ ಉತ್ತರ ಇದೆ, ನೋಡಿ. ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ದೊಡ್ಡ ಪಾಲು ಬರೀ ಶಾಖವಾಗಿ ಹೋಗುತ್ತೆ. ಆ ಶಾಖ ಕಳೆಯಲು ಕಾರಿಗೆ ರೇಡಿಯೇಟರ್ ಬೇಕು, ಒಳಗೇ ಸುತ್ತುವ ನೀರು ಬೇಕು, ಫ್ಯಾನ್ ಬೇಕು. ಒಬ್ಬನೇ ಎತ್ತಿಕೊಂಡು ಹೋಗಿ ದೋಣಿಗೆ ಸಿಕ್ಕಿಸುವ ಯಂತ್ರಕ್ಕೆ ಇಷ್ಟೆಲ್ಲ ಹೊರೆ ಆಗಲ್ಲ. ಅದಕ್ಕೇ ನೀರಿನಿಂದ ತಂಪಾಗುವ ಔಟ್‌ಬೋರ್ಡುಗಳು ರೇಡಿಯೇಟರನ್ನು ಮನೆಯಲ್ಲೇ ಬಿಟ್ಟು ಬಂದವು. ಕೆಳಗೆ ಬೇಕಾದಷ್ಟು ತಣ್ಣೀರು ಇದೆಯಲ್ಲ! ಅದನ್ನೇ ಮೇಲಕ್ಕೆ ಎಳೆದು, ಸಿಲಿಂಡರಿನ ಸುತ್ತ ಹರಿಸಿ, ಹೊರಗೆ ಚೆಲ್ಲಿದರಾಯಿತು. ಅಂದರೆ ಕೆರೆಯೇ ರೇಡಿಯೇಟರ್. ನಾನು ಪಾರ್ಕಿಂಗಿನಲ್ಲಿ ಇಟ್ಟುಕೊಂಡಿದ್ದು ಅರ್ಧ ಯಂತ್ರ. ಉಳಿದರ್ಧ ನೀರಿನಲ್ಲಿತ್ತು.

ನೀರು ಎತ್ತುವ ವಿಧಾನ ಕಾಲಕ್ಕೆ ತಕ್ಕ ಹಾಗೆ ಬದಲಾಯಿತು. ಹಿಂದಿನ ಕೆಲವು ಮೋಟಾರುಗಳಲ್ಲಿ ಪಂಪೇ ಇರಲಿಲ್ಲ, ಪ್ರೊಪೆಲ್ಲರ್ ತಳ್ಳುವ ನೀರಿನ ಒತ್ತಡವೇ ಆ ಕೆಲಸ ಮಾಡುತ್ತಿತ್ತು. ಆಮೇಲೆ ಬಳಕೆಗೆ ಬಂದದ್ದು ರಬ್ಬರ್ ಇಂಪೆಲ್ಲರ್. ಕೆಳಗಿನ ಕಾಲಿನೊಳಗೆ, ಎಂಜಿನ್ನಿನ ಉದ್ದ ಶಾಫ್ಟಿಗೇ ಸಿಕ್ಕಿಸಿದ ಪುಟ್ಟ ಹೂವಿನಂಥ ಚಕ್ರ. ಅದರ ಎಸಳುಗಳು ಗೂಡಿನ ಗೋಡೆಗೆ ಒತ್ತಿಕೊಂಡು, ಬಾಗಿ, ಬಿಚ್ಚಿಕೊಳ್ಳುತ್ತಾ ನೀರನ್ನು ಮೇಲೆ ತಳ್ಳುತ್ತವೆ. ಎಂಜಿನ್ ತಿರುಗಿದರೆ ಇದೂ ತಿರುಗುತ್ತೆ, ಗೇರ್ ನ್ಯೂಟ್ರಲ್‌ನಲ್ಲಿದ್ದರೂ ಅಷ್ಟೇ. ಇದಕ್ಕೆ ಎಣ್ಣೆಯಿಲ್ಲ. ಅದು ಎತ್ತುವ ನೀರೇ ಅದಕ್ಕೆ ಜಾರುಎಣ್ಣೆ. ನೀರಿಲ್ಲದಿದ್ದರೆ ರಬ್ಬರ್ ಗೋಡೆಗೆ ಉಜ್ಜಿ, ಸ್ವಲ್ಪ ಹೊತ್ತಿನಲ್ಲೇ ಸುಟ್ಟು, ಎಸಳು ಕಿತ್ತು, ಆ ಚೂರುಗಳು ಮೇಲೆ ಹೋಗಿ ನೀರಿನ ದಾರಿಯನ್ನೇ ಮುಚ್ಚುತ್ತವೆ. ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಲೇ ಇರುತ್ತೆ! ನನ್ನ ಎಕ್ಸೆಲ್ ಶೀಟ್ ಸುಳ್ಳು ಹೇಳಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ನಮ್ಮ ದೇಶದ ಕಡೆ ಬರೋಣ. 1952ರಲ್ಲಿ ಒಪ್ಪಂದವಾಗಿ, ಓಲೆ ಹುಟ್ಟಿದ ಅದೇ ನಾರ್ವೆಯ ನೆರವಿನಿಂದ ಕೇರಳದ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಮೀನುಗಾರಿಕೆಗೆ ಯಂತ್ರ ತರುವ ಯೋಜನೆ ಶುರುವಾಯಿತು. ಆದರೆ ಅಲ್ಲಿ ಮೇಲುಗೈ ಆದದ್ದು ಎಂಜಿನ್ ಒಳಗೇ ಕೂರಿಸಿದ ಹೊಸ ಬೋಟುಗಳು. ಸಾಂಪ್ರದಾಯಿಕ ದೋಣಿಗಳ ಹಿಂದೆ ಔಟ್‌ಬೋರ್ಡ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 1980ರ ದಶಕದಲ್ಲಿ. ನಮ್ಮ ಕರಾವಳಿಯ ನಾಡದೋಣಿಗಳಿಗೂ ಇದೇ ಮೋಟಾರ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸೋದು. ಸಬ್ಸಿಡಿ ಸೀಮೆಎಣ್ಣೆ ಸಾಲುತ್ತಿಲ್ಲ ಅನ್ನೋ ನಾಡದೋಣಿಯವರ ದೂರು ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. 2018ರ ಕೇರಳದ ಪ್ರವಾಹದಲ್ಲಿ ಸಾವಿರಾರು ಜನರನ್ನು ಕಾಪಾಡಿದ್ದು ಮೀನುಗಾರರೇ. ತಮ್ಮ ದೋಣಿ, ಮೋಟಾರುಗಳನ್ನು ಲಾರಿ ಮೇಲೆ ಹೇರಿಕೊಂಡು ಬಂದಿದ್ದರು. ಅವು ಓಡಿದವು, ಯಾಕಂದ್ರೆ ದಿನಾ ನೀರಿನಲ್ಲಿ ದುಡಿಯುವ ಮೋಟಾರುಗಳು ಅವು.

ಹಾಗಾದರೆ ಹೊರಗೆ ಓಡಿಸಲೇಬಾರದಾ? ಓಡಿಸಬಹುದು, ಓಡಿಸಲೂಬೇಕು. ಸಮುದ್ರದಿಂದ ಬಂದ ಮೋಟಾರಿನ ಒಳದಾರಿಯಲ್ಲಿ ಉಪ್ಪು ಕೂತರೆ ಅಲ್ಯೂಮಿನಿಯಂ ತಿಂದುಹೋಗುತ್ತೆ, ದಾರಿ ಕಟ್ಟುತ್ತೆ. ಅದಕ್ಕೇ ಸಿಹಿನೀರಿನಲ್ಲಿ ತೊಳೆಯೋದು. ಮೆಕ್ಯಾನಿಕ್ ನನಗೆ ಕಲಿಸಿದ್ದು ಡ್ರಮ್ ವಿಧಾನ: ನೀರು ಒಳಗೆಳೆಯುವ ಕಿಂಡಿಗಳು ಪೂರ್ತಿ ಮುಳುಗುವಷ್ಟು ನೀರು, ಗೇರ್ ನ್ಯೂಟ್ರಲ್, ನಿಧಾನ ವೇಗ, ಆಗುವುದಾದರೆ ಪ್ರೊಪೆಲ್ಲರ್ ಬಿಚ್ಚಿಟ್ಟು. ಇನ್ನೊಂದು, ಆ ಕಿಂಡಿಗಳ ಮೇಲೆ ಕಿವಿಮುಚ್ಚಿಗೆಯ ಹಾಗೆ ಕೂರುವ ರಬ್ಬರ್ ಕಪ್ಪುಗಳಿಗೆ ಪೈಪ್ ಸಿಕ್ಕಿಸೋದು. ಮೊದಲು ನೀರು, ಆಮೇಲೆ ಎಂಜಿನ್. ನಿಲ್ಲಿಸುವಾಗ ಮೊದಲು ಎಂಜಿನ್, ಆಮೇಲೆ ನೀರು. ಹೊಸ ಮೋಟಾರುಗಳಲ್ಲಿ ತೊಳೆಯಲಿಕ್ಕೇ ಬೇರೆ ಕಿಂಡಿ ಇರುತ್ತೆ. ಕೆಲವದರಲ್ಲಿ ಅಲ್ಲಿ ನೀರು ಬಿಡುವಾಗ ಎಂಜಿನ್ ಓಡಿಸಲೇಬಾರದು. ಹಾಗಾಗಿ ನಿಮ್ಮ ಮೋಟಾರಿನ ಕೈಪಿಡಿ ಓದಿ. ಎಲ್ಲಕ್ಕಿಂತ ಮುಖ್ಯ, ಮೋಟಾರಿನ ಹಿಂದೆ ಸಣ್ಣಗೆ ಚಿಮ್ಮುವ ನೀರಿನ ಎಳೆ. ಅದು ಕಾಣದಿದ್ದರೆ ತಕ್ಷಣ ಆಫ್ ಮಾಡಿ.

ಓಲೆಯ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತಿತು. ನಮ್ಮ ಪಾರ್ಕಿಂಗಿನಲ್ಲಿ ಈಗ ಹೊಸ ಇಂಪೆಲ್ಲರ್, ಹೊಸ ಪಿಸ್ಟನ್ ಹಾಕಿಸಿದ ಆ ಹಳೇ ಮೋಟಾರ್ ಇದೆ, ಪಕ್ಕದಲ್ಲಿ ಒಂದು ನೀಲಿ ಡ್ರಮ್ ಇದೆ. ಎಕ್ಸೆಲ್ ಶೀಟಿನಲ್ಲಿ ‘ಟೆಸ್ಟ್ ಪಾಸ್’ ಕಾಲಂ ತೆಗೆದು ‘ಹಿಂದೆ ನೀರು ಬಂತಾ?’ ಅಂತ ಬರೆದಿದ್ದೀನಿ. ಹೋದ ಅಕ್ಟೋಬರಿನಲ್ಲಿ ಮಾಮಿ ಕುರ್ಚಿ ಹಾಕಿಸಿಕೊಂಡು ಕೂತು, ಆ ನೀರಿನ ಎಳೆ ಕಾಣುವ ತನಕ ಎದ್ದುಹೋಗಲಿಲ್ಲ.

ನಿಮ್ಮ ಮನೆಯಲ್ಲೂ ವರ್ಷಕ್ಕೊಮ್ಮೆ ‘ಟೆಸ್ಟ್’ ಆಗೋ ಜನರೇಟರ್, ಪಂಪು, ಬೆಂಕಿ ಆರಿಸೋ ಸಿಲಿಂಡರ್ ಇದ್ದರೆ, ನಿಜವಾಗಿ ಏನನ್ನು ಟೆಸ್ಟ್ ಮಾಡ್ತಿದ್ದೀರಿ ಅಂತ ಒಂದ್ಸಲ ನೋಡಿ.