ಎರಡು ತಂತಿ, ಒಂದು ಬಲ್ಬು

ಅಂಬಾಸಿಡರ್ ಕಾರುಗಳ ಕಾಲದಲ್ಲಿ ಆಮದಿಗೆ ಲೈಸೆನ್ಸ್ ಬೇಕಿತ್ತು. ಟೈಮಿಂಗ್ ನೋಡುವ ವಿದೇಶೀ ಉಪಕರಣ ಸಣ್ಣ ಗ್ಯಾರೇಜುಗಳಿಗೆ ಎಟುಕುವಂಥದ್ದಾಗಿರಲಿಲ್ಲ. ಹಾಗೆಂದು ಟೈಮಿಂಗ್ ನೋಡದೆ ಬಿಡುವಂತೆಯೂ ಇರಲಿಲ್ಲ. ಕಿಡಿ ತೀರ ಮುಂಚೆ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದು, ತಿರುಗಿಸುವವನ ಮಣಿಕಟ್ಟೇ ಮುರಿಯಬಹುದಿತ್ತು. ತಡವಾದರೆ ಎಂಜಿನ್ ಕಾದು ಸೊರಗುತ್ತಿತ್ತು.

ಇದಕ್ಕೆ ಮೆಕ್ಯಾನಿಕ್ಕುಗಳು ನೆಚ್ಚಿದ್ದು 12 ವೋಲ್ಟಿನ ಪುಟ್ಟ ಬಲ್ಬನ್ನು, ಅದಕ್ಕೆ ಬೆಸೆದ ಎರಡು ತಂತಿಗಳನ್ನು. ಒಂದು ತುದಿ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ನಿನ ಮೈಗೆ. ಪುಲ್ಲಿಯ ಗುರುತನ್ನು ಸರಿಹೊಂದಿಸಿ, ಕೀಲಿ ಹಾಕಿ, ಡಿಸ್ಟ್ರಿಬ್ಯೂಟರನ್ನು ಮೆಲ್ಲನೆ ತಿರುಗಿಸಬೇಕು. ಪಾಯಿಂಟುಗಳು ಕೂಡಿದ್ದಷ್ಟು ಹೊತ್ತು ಬಲ್ಬು ಉರಿಯದು. ಅವು ಬಿಡಿಸಿಕೊಂಡೊಡನೆ ಹೊತ್ತಿಕೊಳ್ಳುತ್ತದೆ. ಕಿಡಿ ಹಾರುವ ಗಳಿಗೆಯೂ ಅದೇ. ಇದೇನು ನಮ್ಮವರದೇ ಶೋಧವಲ್ಲ. ಬ್ರಿಟಿಷ್ ಕಾರುಗಳ ಕೈಪಿಡಿಗಳಲ್ಲೂ ಈ ವಿಧಾನವಿತ್ತು. ಆದರೆ ಅಲ್ಲಿ ಬೇರೆ ಉಪಕರಣವೂ ಸಿಗುತ್ತಿತ್ತು, ಇಲ್ಲಿ ಬಹಳ ಕಡೆ ಇದೇ ಗತಿ.

ಎಲೆಕ್ಟ್ರಾನಿಕ್ ಇಗ್ನಿಷನ್ ಬಂದು ಪಾಯಿಂಟುಗಳೇ ಇಲ್ಲವಾದವು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಫ್ಯೂಸ್ ನೋಡಲು ಬಲ್ಬು ಇನ್ನೂ ಒದಗುತ್ತದೆ. ಕಂಪ್ಯೂಟರ್ ಹಿಡಿತದ ಹೊಸ ಎಂಜಿನ್ನುಗಳ ಕೆಲವು ತಂತಿಗಳಿಗೆ ಮಾತ್ರ ಅದನ್ನು ತಾಗಿಸುವಂತಿಲ್ಲ, ತಾಗಿಸಿದರೆ ಸರ್ಕ್ಯೂಟೇ ಸುಟ್ಟೀತು.